ಲಂಗ ತೊಟ್ಟ ಗಾಳಗಳು

ದಾರ ಹೋಗಲಿಲ್ಲ.

ಶಿವರಾಯ ಗಾಳವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸೀಸದ ತಲೆಯ ಮೇಲೆ ದಾರ ಪೋಣಿಸುವ ಸಣ್ಣ ಕಣ್ಣು ಬಣ್ಣದಿಂದ ಮುಚ್ಚಿಹೋಗಿತ್ತು. ಹೋದ ತಿಂಗಳ ಸರಕಿನಲ್ಲಿ ಡಬ್ಬಿಯ ತಳಕ್ಕೆ ಸಿಕ್ಕಿ ಉಳಿದ ಗಾಳ ಅದು. ಆ ಸಲ ಅವಸರದಲ್ಲಿ ಇನ್ನೂರನ್ನೂ ತಲೆ ಮುಳುಗುವಂತೆ ಬಣ್ಣದಲ್ಲಿ ಅದ್ದಿದ್ದ. ಅಂದರೆ ಇನ್ನೂರೂ ಕುರುಡು.

ಆದರೆ ನಿನ್ನೆಯಷ್ಟೇ ಹೆಂಡತಿ ಅನಸೂಯಾ ಹೇಳಿದ್ದಳು: "ಅಂಗಡಿಯವರು ಭಾಳ ಖುಷಿ ಆಗ್ಯಾರ್ರಿ. ಗಿರಾಕಿಗಳು ನಿಮ್ಮ ಗಾಳನೇ ಕೇಳ್ತಾರಂತ."

ದಾರವೇ ಹೋಗದ ಗಾಳವನ್ನು ಯಾವ ಗಿರಾಕಿ ಕೇಳುತ್ತಾನೆ?

ಮೂರು ವರ್ಷದ ಹಿಂದೆ ಡೊಂಬಿವಲಿಯ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ಅವನ ಬಲಗೈಯ ಮೂರು ಬೆರಳು ತಿಂದಿತ್ತು. ಕೆಲಸ ಬೇಗ ಸಾಗಲೆಂದು ಮಷೀನಿನ ಮುಂದೆ ಕೈಗೆ ಅಡ್ಡವಿದ್ದ ಜಾಲರಿಯನ್ನು ಮಾಲೀಕರೇ ಬಿಚ್ಚಿಸಿದ್ದರು. ಆಮೇಲೆ ಆಸ್ಪತ್ರೆಗೇ ಕಾಗದ ತಂದರು. ಜಾಲರಿ ತೆಗೆದವನು ನೀನೇ ಎಂದು ಒಪ್ಪಿಕೋ, ತಿಂಗಳು ತಿಂಗಳು ಏನಾದರೂ ಕೊಡುತ್ತೇವೆ ಎಂದರು.

"ಬೆರಳು ಹೋದ್ವು, ಹೋಗ್ಲಿ. ಸುಳ್ಳಿಗೆ ಸಹಿ ಹಾಕಂಗಿಲ್ಲ," ಎಂದಿದ್ದ ಶಿವರಾಯ. "ಕೋರ್ಟಿನ್ಯಾಗ ನೋಡ್ಕೋತೀನಿ."

ಕೇಸಿನ ಓಡಾಟವೆಲ್ಲ ಅನಸೂಯಾಳದು. ಅವನಿಗೆ ಸಿಟ್ಟು ಜಾಸ್ತಿ, ಅವನು ಬರುವುದು ಬೇಡ ಎಂದು ವಕೀಲರು ಹೇಳಿದ್ದರಂತೆ. ಪ್ರತಿ ತಿಂಗಳ ಹತ್ತಕ್ಕೆ ಅವಳೇ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಡುತ್ತಿದ್ದಳು. ಮೊದಲು ಮಾಜಿವಾಡಾದ ಅಂಗಡಿಗೆ ಗಾಳ, ಆಮೇಲೆ ಕೋರ್ಟು. ಸಂಜೆ ಗಾಳದ ದುಡ್ಡು ಮತ್ತು ಕೇಸಿನ ಹೊಸ ತಾರೀಖು ಹಿಡಿದು ಕೋಪರಿಯ ಒಂದೇ ಖೋಲಿಯ ಮನೆಗೆ ಮರಳುತ್ತಿದ್ದಳು.

ಗಾಳ ಕಟ್ಟುವುದನ್ನು ಅವನು ಕಲಿತದ್ದು ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಮುದುಕನಿಂದ. ಸೀಸ ಕರಗಿಸಿ ಅಚ್ಚಿಗೆ ಹೊಯ್ಯಬೇಕು. ಕೊಕ್ಕೆಯ ಸುತ್ತ ರಬ್ಬರಿನ ಎಳೆಗಳನ್ನು ಲಂಗದಂತೆ ಹರಡಿ ಕಟ್ಟಬೇಕು. ನೀರಿನಲ್ಲಿ ಲಂಗ ಅರಳಿದರೆ ಮೀನಿಗೆ ಅದು ಸಿಗಡಿ. ಎಲ್ಲರೂ ನೂಲಿನಿಂದ ಕಟ್ಟುತ್ತಾರೆ. ಅವನ ಎರಡು ಬೆರಳಿಗೆ ನೂಲು ನಿಲ್ಲಲಿಲ್ಲ. ತಂತಿ ಹಿಡಿದ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಸುತ್ತಿ, ಇಕ್ಕಳದಿಂದ ತಿರುವಿದ. ತುಟಿ ಹರಿದು ರಕ್ತ ಬಂತು. ವಾರಗಟ್ಟಲೆ ಹೆಣಗಿದ ಮೇಲೆ ಒಂದು ಲಂಗ ಜಾರದೆ ನಿಂತಿತು. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಒಂದೇ ಮಾತು: "ಯಾರ ಮುಂದೂ ಕೈ ಚಾಚಿಲ್ಲ ನೋಡ್ರಿ. ದುಡದು ಉಣ್ಣಾಕತ್ತೀನಿ."

ಅನಸೂಯಾ ನೀರಿಗೆ ಹೋದಾಗ ಶಿವರಾಯ ಚಪ್ಪಲಿ ಮೆಟ್ಟಿ ಮಾಜಿವಾಡಾಕ್ಕೆ ಹೊರಟ.

ಮೀನುಗಾಳದ ಅಂಗಡಿಯ ಮಾಲೀಕ ಕುಶಲ, ಅನಸೂಯಾಳ ಹೆಸರು ಕೇಳಿ ಹುಬ್ಬು ಗಂಟಿಕ್ಕಿದ. "ಅವರಾ? ಒಂದೇ ಸಲ ಬಂದಿದ್ರು ದಾದಾ, ಸ್ಯಾಂಪಲ್ ತಗೊಂಡು. ನಾನು ಬೇಡ ಅಂದೆ. ಉಪ್ಪು ನೀರಿಗೆ ತಂತಿ ತುಕ್ಕು ಹಿಡೀತದೆ, ಲಂಗ ಉದುರ್ತದೆ. ಮೂರು ವರ್ಷ ಆಗಿರ್ಬೇಕು."

"ಮತ್ತ ತಿಂಗಳಾ ಇನ್ನೂರು ಗಾಳ?"

"ಯಾರಿಗೆ?"

ಶಿವರಾಯ ಅಂಗಡಿಯ ಮೆಟ್ಟಿಲು ಇಳಿದ. ಹಾಗಾದರೆ ಮನೆಗೆ ಬರುತ್ತಿದ್ದ ದುಡ್ಡು ಯಾರದು? ಇಸ್ತ್ರಿ ಸೀರೆ ಯಾರಿಗಾಗಿ? ಅವನು ಒಳಗೆ ಬಂದ ಕೂಡಲೆ ಅವಳು ಫೋನು ಕಟ್ ಮಾಡುತ್ತಿದ್ದುದು ಈಗ ಎದೆಯಲ್ಲಿ ಮುಳ್ಳಾಯಿತು. ಮನೆಯಲ್ಲಿ ಏನೂ ಕೇಳಲಿಲ್ಲ. ಹತ್ತನೇ ತಾರೀಖಿಗೆ ಕಾದ.

ಅವತ್ತು ದೂರದಿಂದ ಅವಳ ಬೆನ್ನು ಹತ್ತಿದ. ಅವಳು ಮಾಜಿವಾಡಾದ ದಾರಿ ಹಿಡಿಯಲೇ ಇಲ್ಲ. ಸ್ಟೇಷನ್ನಿನ ಪಕ್ಕದ ಗುಜರಿ ಅಂಗಡಿಯ ತಕ್ಕಡಿಗೆ ಡಬ್ಬಿ ಸುರಿದಳು. ಅಂಗಡಿಯವನು ಲಂಗಗಳನ್ನು ಕಿತ್ತು ಗಟಾರಕ್ಕೆ ಎಸೆದು ಸೀಸವನ್ನಷ್ಟೇ ತೂಗಿದ. ಶಿವರಾಯನಿಗೆ ಪ್ರತಿ ತಿಂಗಳು ಸೀಸ ಬರುತ್ತಿದ್ದುದೂ ಅದೇ ಅಂಗಡಿಯಿಂದ.

ಅವಳು ಕಲ್ಯಾಣದ ಲೋಕಲ್ ರೈಲು ಹತ್ತಿದಳು. ಇವನು ಹಿಂದಿನ ಬೋಗಿಗೆ ಹತ್ತಿದ. ಡೊಂಬಿವಲಿಯಲ್ಲಿ ಇಳಿದು ಅವಳು ರಿಕ್ಷಾ ಹಿಡಿದಳು, ಇವನೂ ಹಿಡಿದ. ರಿಕ್ಷಾ ನಿಂತದ್ದು ಅವನ ಬೆರಳು ತಿಂದ ಕಾರ್ಖಾನೆಯ ಗೇಟಿಗೆ. ವಾಚ್‌ಮನ್ ಅವಳನ್ನು ನೋಡಿ ನಕ್ಕು ಒಳಗೆ ಬಿಟ್ಟ.

ಶಿವರಾಯ ಗೇಟಿನತ್ತ ಓಡಿದ. ವಾಚ್‌ಮನ್‌ನನ್ನು ತಳ್ಳಿ ನುಗ್ಗಿದ.

ಗಾಜಿನ ಕ್ಯಾಬಿನ್ನಿನಲ್ಲಿ ಮ್ಯಾನೇಜರ್ ರಘುಪತಿ, ಉಡುಪಿ ಕಡೆಯವರು, ಅನಸೂಯಾಳ ಕೈಗೆ ಲಕೋಟೆ ಕೊಡುತ್ತಿದ್ದರು.

"ಎಷ್ಟು ದಿನದಿಂದ ನಡದದ ಇದು?" ಶಿವರಾಯ ಕೂಗಿದ.

ಅನಸೂಯಾ ಗೋಡೆಗೆ ಒರಗಿದಳು. ರಘುಪತಿಗೆ ಗಾಬರಿಯೇ ಆಗಲಿಲ್ಲ. "ಮೂರು ವರ್ಷ ಆಯ್ತಲ್ಲ ಮಾರಾಯ್ರೆ. ಕೂತ್ಕೊಳ್ಳಿ. ನಿಮ್ಮದೇ ದುಡ್ಡು, ನೀವೇ ಬರಬಹುದಿತ್ತು."

"ನನ್ನ ದುಡ್ಡು? ಕೇಸ್ ಇನ್ನಾ ಮುಗಿದಿಲ್ಲ!"

"ಯಾವ ಕೇಸು?"

ರಘುಪತಿ ಕಪಾಟಿನಿಂದ ಫೈಲು ತೆಗೆದು, ಮರಾಠಿಯಲ್ಲಿ ಟೈಪಾಗಿದ್ದ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದರು. ಜಾಲರಿಯನ್ನು ನಾನೇ ತೆಗೆದಿದ್ದೆ. ತಪ್ಪು ನನ್ನದೇ. ಯಾರ ಮೇಲೂ ನನ್ನ ದೂರಿಲ್ಲ.

ಕೆಳಗೆ ನೀಲಿ ಶಾಯಿಯ ಒಂದು ಹೆಬ್ಬೆಟ್ಟು.

"ನಾ ಏಳನೇತ್ತಾ ಓದಿದಂವ," ಶಿವರಾಯ ಹಾಳೆಯನ್ನು ದೂಡಿದ. "ಎಂದೂ ಹೆಬ್ಬೆಟ್ಟು ಒತ್ತಿಲ್ಲ. ಇದು ನಂದಲ್ಲ."

"ನಿಮ್ದೇರಿ," ಎಂದಳು ಅನಸೂಯಾ. "ನೀವು ಒಲ್ಲೆ ಅಂದ ಮ್ಯಾಲೆ ಎರಡನೇ ಆಪರೇಶನ್ ಆಗಿ ನಿಮಗ ಖಬರ್ ಇರಲಿಲ್ಲ. ನಾನೇ ಕೈ ಹಿಡದು ಒತ್ತಿಸೀನಿ."