ಪೂರ್ತಿ ಅಂಕ

ಮಕ್ಕಳು ಕತೆ ಹೇಳುವಾಗ ಮಾಡುವ ವ್ಯಾಕರಣದ ತಪ್ಪುಗಳನ್ನು ಅಳೆಯಲು ಪ್ರಫುಲ್ಲಾ ಆ ಹಳ್ಳಿಯ ಶಾಲೆಗೆ ಬಂದಿದ್ದಳು. ಆಡುಮಾತನ್ನು ತಪ್ಪೆಂದು ಎಣಿಸಬಾರದು ಎಂಬುದು ಅವಳ ಹಟ.

"ನಿನ್ನೆ ಏನು ಮಾಡಿದೆ, ಹೇಳು ನೀಲವ್ವ."

"ನಾವು ಬಾವಿಗಿ ಹೋಗಿದ್ವಿರಿ. ನಮಗ ಹಸಿವಾತು. ಮನಿಗಿ ಬಂದು ರೊಟ್ಟಿ ತಿಂದ್ವಿರಿ."

"ಜೊತೆಗೆ ಯಾರಿದ್ದರು?"

"ಯಾರೂ ಇಲ್ರಿ."

ಪ್ರಫುಲ್ಲಾ ನಕ್ಕು ಪೂರ್ತಿ ಅಂಕ ಕೊಟ್ಟಳು. ಹುಡುಗಿ ಹೊರಗೆ ಹೋದ ಮೇಲೆ ಮಾಸ್ತರರನ್ನು ಕೇಳಿದಳು: "ಈ ಕಡೆ 'ನಾನು' ಅನ್ನೋದಕ್ಕೆ 'ನಾವು' ಅಂತಾರಾ ಸರ್?"

ಮಾಸ್ತರರು ಹುಡುಗಿ ಹೋದ ಬಾಗಿಲ ಕಡೆ ನೋಡಿದರು.

"ಇಲ್ರಿ ಮೇಡಂ, ನಾವೂ 'ನಾ' ಅಂತಲೇ ಅಂತೀವ್ರಿ. ಅಕಿ ಅವಳಿ-ಜವಳಿ ಹುಟ್ಟಿದಾಕಿ. ತಂಗಿ ಹ್ವಾದ ತಿಂಗಳ ಜ್ವರದಾಗ ತೀರಿಕೊಂಡ್ಳು."