ಕುದೇರಿಗೆ ಹೋಗದ ಬಸ್ಸು

ಮಾದಣ್ಣನವರು ಧಾರೆ ಮಂಟಪದಿಂದ ಇಳಿದು ಹೊರಟದ್ದನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಲಿ ಎಂದೇ ಅವರು ಹೊರಟದ್ದು.

ಕಾರಣ ವಿಡಿಯೋದವನು. ಲೈಟು ಹಿಡಿದುಕೊಂಡು ಬಂದವನೇ, ಯಜಮಾನ್ರು ಒಸಿ ಆಚೆಗೆ ನಿಲ್ಲಬೇಕು, ಫ್ರೇಮಿಗೆ ಅಡ್ಡ ಬರುತ್ತಿದ್ದೀರಿ ಎಂದಿದ್ದ. ಮಾದಣ್ಣನವರು ಮದುವಣಗಿತ್ತಿ ರಂಜಿನಿಯ ಸೋದರಮಾವ. ಹುಡುಗಿಯ ಕೈ ಹಿಡಿದು ಹಸೆಮಣೆಗೆ ಕರೆತಂದವರು. 'ಹಂಗಾರೆ ನಾನು ಊರಿಗೇ ಹೊರಟೆ' ಎಂದು ಅವರು ಗಟ್ಟಿಯಾಗಿಯೇ ಹೇಳಿದರು. ಅದೇ ಗಳಿಗೆಗೆ ಗಟ್ಟಿಮೇಳ ಶುರುವಾಯಿತು. ಜನ ಅಕ್ಷತೆ ಎಸೆದರು. ಅರ್ಧ ಇವರ ತಲೆಯ ಮೇಲೆ ಬಿತ್ತು.

ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಓಡಿ ಬರುವವರಿಗೆ ಸಿಕ್ಕುವಷ್ಟು ನಿಧಾನವಾಗಿ ಅವರು ಛತ್ರದಿಂದ ಹೊರಬಂದರು. ನೆಂಟರಲ್ಲಿ ಅವರ ಮುನಿಸು ಹೆಸರುವಾಸಿ. ಹಿಂದಿನ ಮದುವೆಯಲ್ಲಿ ಅವರನ್ನು ಅರ್ಧ ದಾರಿಯಿಂದ ಕಾರು ಮಾಡಿಕೊಂಡು ಬಂದು ಕರೆದೊಯ್ದಿದ್ದರು. ಈ ಸಲ ದೂರ ಹೋಗುವುದು ಬೇಡವೆಂದು ಛತ್ರದ ಬಾಗಿಲಿಗೆ ನೇರವಾಗಿ ಕಾಣುವ ಹಾಗೆ, ಎದುರಿನ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತರು. ಚಾಮರಾಜನಗರದ ಬಿಸಿಲು ಆಗಲೇ ಏರಿತ್ತು. ಭಾವನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರು. ಭಾವ ಆಗ ಮಗಳನ್ನು ಧಾರೆ ಎರೆದುಕೊಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಛತ್ರದಿಂದ ಒಬ್ಬ ಹೆಂಗಸು ಬಂದರು. ಮಾದಣ್ಣನವರ ಎದೆ ಹಗುರಾಯಿತು. ಆದರೆ ಆಕೆ ಇವರತ್ತ ನೋಡದೆ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಛತ್ರದ ಬಾಗಿಲನ್ನೇ ನೋಡತೊಡಗಿದರು. ಗುರುತು ಹತ್ತಿತು. ಗಂಡಿನ ಸೋದರತ್ತೆ, ಗುಂಡ್ಲುಪೇಟೆಯ ಪುಟ್ಟಮಾದಮ್ಮ.

ಗುಂಡ್ಲುಪೇಟೆಯ ಬಸ್ಸು ಬಂದು ನಿಂತಿತು. ಅರ್ಧಕ್ಕರ್ಧ ಖಾಲಿ. ಪುಟ್ಟಮಾದಮ್ಮ ಕಂಡಕ್ಟರಿಗೆ, ಭಾರೀ ರಶ್ಶಾಗಿದೆ, ಮುಂದಿನದಕ್ಕೆ ಬರುತ್ತೇನೆ ಎಂದರು. ಅವನು ಹಿಂದಿನ ಖಾಲಿ ಸೀಟುಗಳನ್ನು ಒಮ್ಮೆ ನೋಡಿ ರೈಟ್ ಹೇಳಿದ. ಆಮೇಲೆ ಆಕೆ ಇವರ ಕಡೆ ತಿರುಗಿ ಯಾವ ಊರಿನ ಬಸ್ಸಿಗೆ ಕಾಯುತ್ತಿದ್ದೀರಿ ಎಂದು ಕೇಳಿದರು. ಕುದೇರು ಎಂದರು ಮಾದಣ್ಣನವರು.

"ಕುದೇರು ಬಸ್ಸು ಈ ರೋಡ್ನಾಗೆ ಬರಾಕಿಲ್ಲ ಕಣಣ್ಣ."

ಒಂದು ಲಾರಿ ಹೋಯಿತು. ಅದರ ಧೂಳು ಇಳಿಯುವ ಹೊತ್ತಿಗೆ ಇಬ್ಬರಿಗೂ ಎಲ್ಲ ಅರ್ಥವಾಗಿತ್ತು. ಪುಟ್ಟಮಾದಮ್ಮ ತಾವಾಗಿಯೇ ಬಾಯಿ ಬಿಟ್ಟರು. ಕಳಸ ಹಿಡಿಯುವುದು ಸೋದರತ್ತೆಯ ಹಕ್ಕು. ಅದನ್ನು ಕಿತ್ತು, ಫೋಟೋದಲ್ಲಿ ಚೆನ್ನಾಗಿ ಬರುತ್ತಾಳೆಂದು ಯಾವಳೋ ಹೊಸ ಸೊಸೆಯ ಕೈಗೆ ಕೊಟ್ಟಿದ್ದರಂತೆ. ಮಾದಣ್ಣನವರು ವಿಡಿಯೋದವನ ಕತೆ ಹೇಳಿದರು. ಆಕೆ 'ಅಯ್ಯೋ ಶಿವನೇ' ಎಂದು ಎಷ್ಟು ಮನಸಾರೆ ಹೇಳಿದರೆಂದರೆ, ಅವರಿಗೆ ಅರ್ಧ ಸಿಟ್ಟು ಇಳಿದೇ ಹೋಯಿತು. ಉಳಿದದ್ದು ಹಸಿವು.

ಆಗಲೇ ಅವರಿಗೆ ಹೊಳೆದದ್ದು. ಗಂಡಿನ ಸೋದರತ್ತೆ ಉಣ್ಣದೆ ಹೋದರೆ ಹೆಣ್ಣಿನ ಕಡೆಯವರಿಗೆ ಎಂಥ ಅವಮಾನ. ಕರೆದುಕೊಂಡು ಹೋಗುವುದು ತಮ್ಮ ಕರ್ತವ್ಯವಲ್ಲವೇ. ಮಾದಣ್ಣನವರು ಎದ್ದು ನಿಂತು, ಜನ್ಮದಲ್ಲಿ ಯಾರಿಗೂ ಮುಗಿಯದಿದ್ದ ಕೈ ಮುಗಿದು, ತಪ್ಪಾಯಿತು, ದೊಡ್ಡ ಮನಸ್ಸು ಮಾಡಿ ಊಟಕ್ಕೆ ಏಳಬೇಕು ಎಂದರು. ಪುಟ್ಟಮಾದಮ್ಮ ಅದಕ್ಕೇ ಕಾದಿದ್ದವರಂತೆ ತಾವೂ ಎದ್ದರು.

"ನಂಗೋಸ್ಕರ ಅಲ್ಲ ಕಣಣ್ಣ. ಹುಡುಗಿ ಮಾವ ಉಪಾಸ ಹೋದ್ರೆ ಹೊಸ ಜೋಡಿಗೆ ಒಳ್ಳೇದಾ? ನಿಮ್ಮನ್ನ ಕರ್ಕೊಂಡೋಗಕ್ಕೆ ನಾನು ಬತ್ತಿವ್ನಿ."

ಕರೆದುಕೊಂಡು ಹೋಗುತ್ತಿರುವುದು ತಾನು ಎಂದರು ಮಾದಣ್ಣನವರು. ಅಲ್ಲ, ತಾನು ಎಂದರು ಪುಟ್ಟಮಾದಮ್ಮ. ಹಾಗೆ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಲೇ ರಸ್ತೆ ದಾಟಿದರು. ಛತ್ರದ ಹೊಸಿಲಿನಲ್ಲಿ ನೀವು ಮೊದಲು, ನೀವು ಮೊದಲು ಎಂದು ಒಂದಿಷ್ಟು ಹೊತ್ತು ನಿಂತು, ಕೊನೆಗೆ ಇಬ್ಬರೂ ಒಟ್ಟಿಗೇ ನುಗ್ಗಿದರು. ಒಳಗೆ ಯಾರೂ ಓಡಿ ಬರಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಎಲ್ಲಿ ಹೋಗಿದ್ದಿರಿ ಎಂದೂ ಕೇಳಲಿಲ್ಲ. ವಾಲಗದವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಊಟದ ಮನೆಯಲ್ಲಿ ಕೊನೆಯ ಪಂಕ್ತಿಗೆ ಎಲೆ ಹಾಕಿದ್ದರು. ಅಕ್ಕಪಕ್ಕ ಎರಡು ಎಲೆ ಖಾಲಿ ಇದ್ದವು. ಕೂತರು.

ಬಡಿಸಲು ಬಂದವನು ಮಾದಣ್ಣನವರ ಷಡ್ಡಕನ ಮಗ ಕನಕರಾಜು. ಪಾಯಸದ ಬಕೆಟ್ಟು ಹಿಡಿದು ಸಾಲಿನುದ್ದಕ್ಕೂ ಬಂದವನು ಇವರೆದುರು ನಿಂತುಬಿಟ್ಟ. ಮುಖದಲ್ಲಿ ಕಪಟವಿರಲಿಲ್ಲ. ನಿಜವಾಗಿಯೇ ಅನುಮಾನವಿತ್ತು.

"ಅಲ್ಲ ದೊಡ್ಡಪ್ಪ, ನೀವು ಮೊದಲ್ನೇ ಪಂಕ್ತೀಲೇ ಉಂಡಿರ್ಬೇಕಲ್ಲ. ಮತ್ತೆ ಕೂತ್ಕಂಡ್ರಾ?"

ಆಗ ಸಾಲಿನವರೆಲ್ಲ ತಿರುಗಿ ನೋಡಿದರು. ಬೆಳಗಿನಿಂದ ಯಾರೂ ನೋಡದಿದ್ದ ಮಾದಣ್ಣನವರನ್ನು ಈಗ ಇಡೀ ಊಟದ ಮನೆ ನೋಡುತ್ತಿತ್ತು. ಅವರ ಕಿವಿ ಕೆಂಪಾಯಿತು. ಒಂದು ಕೈ ಹೆಗಲ ಟವಲ್ಲಿಗೆ ಹೋಯಿತು. ಇನ್ನೇನು ಎದ್ದೇಬಿಟ್ಟರು ಅನ್ನುವಾಗ ಪಕ್ಕದ ಎಲೆ ಕಣ್ಣಿಗೆ ಬಿತ್ತು. ತಾನು ಎದ್ದರೆ ಆಕೆಯೂ ಏಳಬೇಕು. ಎದ್ದು ಹೋಗಬೇಕಾದದ್ದು ಮತ್ತೆ ಅದೇ ಬಿಸಿಲಿನ ಕಟ್ಟೆಗೆ. ಮಾದಣ್ಣನವರ ಕೈ ಮೆಲ್ಲಗೆ ಎಲೆಗೆ ಇಳಿಯಿತು.

"ಹೂಂ ಕಣ್ಲಾ, ಉಂಡಿದ್ದೊ. ಪಾಯಸ ರುಚಿಯಾಗಿತ್ತು, ತಡ್ಕಳಾಕಾಗ್ನಿಲ್ಲ. ಅಕ್ಕನಿಗೂ ಒಂದು ಸೌಟು ಜಾಸ್ತೀನೇ ಬುಡು."

ಸಾಲಿನಲ್ಲಿ ನಗು ಹಬ್ಬಿತು. ಕನಕರಾಜು ಎರಡೂ ಎಲೆಗೆ ಧಾರಾಳವಾಗಿ ಬಡಿಸಿದ. ಪುಟ್ಟಮಾದಮ್ಮ ನಗಲಿಲ್ಲ. ಇನ್ನೂ ಬೆರಳು ಸೋಕಿಸದ ಪಾಯಸವನ್ನು ಗಂಭೀರವಾಗಿ ನೋಡಿ ಹೇಳಿದರು:

"ಮೊದಲ್ನೇ ಪಂಕ್ತೀಲಿ ಬಡಿಸಿದ್ದರಲ್ಲಿ ಏಲಕ್ಕಿ ಒಸಿ ಕಮ್ಮಿಯಾಗಿತ್ತು, ಅಷ್ಟೆ."