ಹುಸಿ ಗುದ್ದು

ಐಸ್ ಹಾಕಿಯಲ್ಲಿ ಅವನ ಕೆಲಸ ಗೋಲು ಹೊಡೆಯುವುದಲ್ಲ, ಎದುರು ತಂಡದವರ ಮೂತಿಗೆ ಗುದ್ದುವುದು. ಜನ ಟಿಕೆಟ್ ಕೊಳ್ಳುತ್ತಿದ್ದುದೇ ಅದಕ್ಕೆ.

ಅವತ್ತು ಮೊದಲ ಸಲ ಮಗಳು ಆಟ ನೋಡಲು ಬಂದಿದ್ದಳು. ಏಳು ವರ್ಷದ ಕೂಸು, ಅಂಗಳದ ಸುತ್ತಲಿನ ಗಾಜಿಗೆ ಮೂಗೊತ್ತಿಕೊಂಡು ಕೂತಿತ್ತು. ಆಟದ ನಡುವೆ ಅವನು ಗ್ಲೌಸು ಕಿತ್ತೆಸೆದು, ಎದುರಾಳಿಯೊಬ್ಬನ ಕೊರಳಪಟ್ಟಿ ಹಿಡಿದವನೇ ಅವನ ಕಿವಿಯಲ್ಲಿ ಉಸುರಿದ: "ಮಗಳು ಬಂದಿದಾಳೆ ಕಣೋ. ಇವತ್ತೊಂದಿನ ರಕ್ತ ಬೇಡ."

"ನಂಗೂ ಮಕ್ಕಳಿದಾರೆ, ಬಿಡಣ್ಣ," ಎಂದ ಎದುರಾಳಿ.

ಇಬ್ಬರೂ ಹೆಗಲಿಗೆ, ಬೆನ್ನಿಗೆ ನಾಲ್ಕು ಹುಸಿ ಗುದ್ದು ಹಾಕಿ, ತಬ್ಬಿಕೊಂಡವರಂತೆ ಜಾರಿ ಬಿದ್ದರು. ಇಡೀ ಕ್ರೀಡಾಂಗಣ ಛೀ ಥೂ ಎಂದು ಉಗಿಯಿತು. "ಬಳೆ ತೊಟ್ಕೊಳ್ರೋ!" ಎನ್ನುತ್ತ ಯಾರೋ ಬಿಯರ್ ಲೋಟ ಎಸೆದರು. ಅವನು ಗಾಜಿನತ್ತ ನೋಡಿದ. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇಷ್ಟಕ್ಕೇ ಹೀಗೆ ಹೆದರಿದ್ದಾಳೆ, ಸದ್ಯ, ರಕ್ತ ಹರಿಯಲಿಲ್ಲ ಎಂದುಕೊಂಡ.

ಆಟ ಮುಗಿದ ಮೇಲೆ ಅವಳನ್ನು ಎತ್ತಿಕೊಂಡು ಕೇಳಿದ: "ತುಂಬಾ ಹೆದರಿಬಿಟ್ಯಾ ಪುಟ್ಟಿ?"

ಅವಳು ಅಪ್ಪನ ಮುಖವನ್ನೆಲ್ಲ ತಡವಿ ನೋಡಿದಳು. ಎಲ್ಲೂ ಒಂದು ಗೀರು ಕೂಡ ಸಿಗಲಿಲ್ಲ.

"ಹೆದರ್ಲಿಲ್ಲ, ನಾಚ್ಕೆ ಆಯ್ತು. ಕೆಳಗಿಳ್ಸು, ಎಲ್ರೂ ನೋಡ್ತಿದಾರೆ."